ಅರ್ಧ ಗೋಡೆಯ ಆಚೆಯ ಮನೆ

ನಮ್ಮ ಕೋಣೆಗೂ ಗಿರಿಜಕ್ಕನ ಕೋಣೆಗೂ ನಡುವೆ ಇದ್ದ ಗೋಡೆ ಮಾಡಿನ ತನಕ ಹೋಗುತ್ತಿರಲಿಲ್ಲ. ಆಳೆತ್ತರದ ಮೇಲೆ ಒಂದು ಮೊಳ ಹೋಗಿ ಅಲ್ಲಿಗೇ ನಿಂತಿತ್ತು. ಕಟ್ಟಿಸಿದವನಿಗೆ ಇಟ್ಟಿಗೆ ಸಾಲಲಿಲ್ಲವೋ ಮನಸ್ಸು ಸಾಲಲಿಲ್ಲವೋ, ಯಾರೂ ಕೇಳಲಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ಪೂರ್ವಕ್ಕೆ, ರೈಲು ಹಳಿಯ ಪಕ್ಕ ಇದ್ದ ಎಂಟು ಕೋಣೆಯ ಚಾಳು ಅದು. ಅಂಗಳದ ಕೊನೆಗೆ ಒಂದು ನಲ್ಲಿ, ಅದರ ಹಿಂದೆ ಎಂಟೂ ಮನೆಗೆ ಸೇರಿ ಎರಡು ಸಂಡಾಸು. ಮೂರನೆಯ ಕೋಣೆ ನಮ್ಮದು, ನಾಲ್ಕನೆಯದು ಗಿರಿಜಕ್ಕನದು. ಬೆಂಕಿಪೊಟ್ಟಣ, ಒಂದು ಸೌಟು ಸಾಂಬಾರು, ನಾಲ್ಕು ರೊಟ್ಟಿ, ಹೀಗೆ ಬೇಕಾದದ್ದೆಲ್ಲ ಗೋಡೆಯ ಮೇಲಿಂದ ಹೋಗಿಬಂದು ಮಾಡುತ್ತಿತ್ತು. ಕೊಡುವವರು ಟ್ರಂಕಿನ ಮೇಲೆ ಹತ್ತಬೇಕು, ಇಸಿದುಕೊಳ್ಳುವವರು ಕೈ ಎತ್ತಬೇಕು, ಅಷ್ಟೆ. ಆ ಮನೆಯಲ್ಲಿ ಏನು ಬೆಂದಿತು, ಯಾರು ಸೀನಿದರು, ಯಾರು ಯಾರನ್ನು ಬೈದರು, ಎಲ್ಲ ನಮ್ಮ ಮನೆಯಲ್ಲೇ ಆದ ಹಾಗೆ ಕೇಳುತ್ತಿತ್ತು. ನಾನು ಹೊಟ್ಟೆಕಿಚ್ಚು ಕಲಿತದ್ದು ಆ ಗೋಡೆಯ ಕೆಳಗೆ ಮಲಗಿ.

ನಾವು ಬಾಗಲಕೋಟೆ ಕಡೆಯವರು, ಲಿಂಗ ಕಟ್ಟಿದ ಜನ. ಅಪ್ಪ ಬಣ್ಣದ ಫ್ಯಾಕ್ಟರಿಯಲ್ಲಿ ಪುಡಿ ತುಂಬುವ ಕೆಲಸಕ್ಕಿದ್ದ. ಅವತ್ತು ಯಾವ ಬಣ್ಣ ಮಾಡಿದರು ಅಂತ ಅವನ ಕೈ ನೋಡಿದರೆ ತಿಳಿಯುತ್ತಿತ್ತು. ಒಂದು ವಾರ ನೀಲಿ, ಒಂದು ವಾರ ಕುಂಕುಮದಂಥ ಕೆಂಪು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವನು ಹಿಡಿದ ಲೋಟ, ಒರಗಿದ ಗೋಡೆ ಎಲ್ಲಕ್ಕೂ ಗುರುತು. ಅವ್ವ ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಕೂಲಿ ಜನಕ್ಕೆ ಮಾರುತ್ತಿದ್ದಳು. ಬೆಳಗಾದರೆ ಇಡೀ ಚಾಳು ಏಳುತ್ತಿದ್ದದ್ದು ಅವಳ ಕೈಯ ಸಪ್ಪಳಕ್ಕೆ. ನಾನು ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಬಿಟ್ಟೆ, ಅಂದರೆ ಬಿಡಿಸಿದರು. ರೊಟ್ಟಿ ಬುಟ್ಟಿ ಹೊರಲು ಒಂದು ತಲೆ ಬೇಕಿತ್ತು. ಈಗ ಈ ಬರೆಯುತ್ತಿರುವ ಕನ್ನಡ ಅಕ್ಷರ ಶಾಲೆಯದಲ್ಲ, ಗಿರಿಜಕ್ಕ ಕಲಿಸಿದ್ದು. ಅವಳ ಗಂಡ ಸದಾನಂದಣ್ಣ ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಿದ್ದ. ಅವನು ತಂದ ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ ಅವಳು ಅ ಆ ಬರೆದು ಕೊಡುತ್ತಿದ್ದಳು. ಅವರ ಮಗಳು ವನಜ ನನ್ನ ವಾರಿಗೆಯವಳು. ಅವಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು, ಕನ್ನಡ ಬರೆಯಲು ಬೇಸರ ಪಡುತ್ತಿದ್ದಳು. ಅವಳ ಪಾಲಿನ ಪಾಠವನ್ನೂ ನಾನೇ ಕಲಿತೆ. ಅದೊಂದು ವಿಷಯದಲ್ಲಿ ನಾನು ಅವಳಿಗಿಂತ ಮುಂದಿದ್ದೆ. ಮಿಕ್ಕ ಎಲ್ಲದರಲ್ಲೂ ಅವಳೇ. ಅವಳಿಗೆ ರಿಬ್ಬನ್ನು, ಅವಳಿಗೆ ಕಂಪಾಸು ಪೆಟ್ಟಿಗೆ, ಅವಳಿಗೆ ಒಬ್ಬಳಿಗೇ ಒಂದು ಚಾದರ.

ಅವರು ಮೀನು ತಿನ್ನುವ ಜನ. ಬುಧವಾರ, ಶುಕ್ರವಾರ, ಆದಿತ್ಯವಾರ ಮೀನು. ಉಳಿದದ್ದೆಲ್ಲ ಗೋಡೆಯ ಮೇಲಿಂದ ಬಂದರೂ ಮೀನು ಮಾತ್ರ ಬರುತ್ತಿರಲಿಲ್ಲ, ಅದಕ್ಕೆ ನಾನೇ ಬಾಗಿಲಿನಿಂದ ಹೋಗುತ್ತಿದ್ದೆ. ಅಪ್ಪನ ಫ್ಯಾಕ್ಟರಿಗೆ ಬೀಗ ಬಿದ್ದ ವರ್ಷ ಅದು ಶುರುವಾಯಿತು. ಒಂದು ದಿನ ಅಕ್ಷರ ತಿದ್ದುತ್ತ ಕೂತಿದ್ದೆ, ಗಿರಿಜಕ್ಕ ವನಜಳಿಗೆ ಬಂಗುಡೆ ಬಡಿಸಿದಳು, ನನ್ನ ಕಡೆ ನೋಡಿದಳು, ಇನ್ನೊಂದು ತಟ್ಟೆ ಇಟ್ಟಳು. ನಾನು ಬೇಡ ಅನ್ನಲಿಲ್ಲ. ಮೊದಲ ದಿನ ಮುಳ್ಳು ಚುಚ್ಚಿತು. ಮೂರನೆಯ ದಿನಕ್ಕೆ ಬೆನ್ನುಮೂಳೆಯನ್ನು ಬಾಚಣಿಗೆಯ ಹಾಗೆ ಇಡಿಯಾಗಿ ಎತ್ತಿಡುವುದನ್ನು ಕಲಿತೆ. ಉಂಡಾದ ಮೇಲೆ ಗಿರಿಜಕ್ಕ ನನ್ನ ಕೈಗೆ ಹುಣಸೆಹಣ್ಣು ಹಚ್ಚಿ, ಬೂದಿ ಹಚ್ಚಿ, ತೊಳೆದು, ಬಾಗಿಲಲ್ಲಿ ನಿಲ್ಲಿಸಿಕೊಂಡು ಎರಡೂ ಕೈ ಮೂಸಿ ನೋಡಿ ಹೊರಗೆ ಬಿಡುತ್ತಿದ್ದಳು. ಇನ್ನೊಂದು ಮಾತು ಹೇಳಬೇಕು. ಆ ದಿನಗಳಲ್ಲೇ ಅವ್ವ ನನಗೆ ವಾರಕ್ಕೆ ಎರಡು ಮೂರು ಸಲ ದೃಷ್ಟಿ ತೆಗೆಯಲು ಹತ್ತಿದಳು. ನಾನು ಎದುರಿಗೆ ಇರದಿದ್ದರೆ ನನ್ನ ಲಂಗವನ್ನು ನಿವಾಳಿಸಿ, ಒಣಮೆಣಸಿನಕಾಯಿ, ಉಪ್ಪು ಇದ್ದಲಿನ ಒಲೆಗೆ ಹಾಕುತ್ತಿದ್ದಳು. ಘಾಟು ಗೋಡೆ ದಾಟಿ ಬರುತ್ತಿತ್ತು. ಅಪ್ಪ ಕೆಮ್ಮುತ್ತ ಎದ್ದು ರಸ್ತೆಗೆ ಹೋಗಿ ಕೂರುತ್ತಿದ್ದ. ಆಚೆ ಮೀನು ತಿನ್ನುತ್ತಿದ್ದ ನಾನೂ ಕೆಮ್ಮುತ್ತಿದ್ದೆ. ನನ್ನ ಮೇಲೆ ಇಷ್ಟೊಂದು ಜನರ ಕಣ್ಣು ಬೀಳುತ್ತದಲ್ಲ ಅಂತ ನನಗೆ ಒಳಗೇ ಜಂಬ. ವನಜಳಿಗೆ ಯಾರೂ ದೃಷ್ಟಿ ತೆಗೆಯುತ್ತಿರಲಿಲ್ಲ.

ಆಮೇಲೆ ಚಾಳಿನ ಮಾಲಕರ ಮಕ್ಕಳು ಮುಂದಿನ ಜಾಗವನ್ನು ಬಿಲ್ಡರನಿಗೆ ಕೊಟ್ಟರು. ಅಲ್ಲೊಂದು ಬಾವಿ, ನಾಲ್ಕು ಸೀತಾಫಲದ ಗಿಡ ಇದ್ದವು; ಬಾವಿ ಮುಚ್ಚಿ ನಾಲ್ಕು ಮಾಳಿಗೆ ಏಳಿಸಲು ಹತ್ತಿದರು. ಅದು ಎದ್ದ ಮೇಲೆ ಹಿಂದಿನ ಚಾಳನ್ನು ಕೆಡವುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಟೊಮೆಟೊ ಧಾರಣೆ ಕೇಳಿದ ಹಾಗೆ ಸ್ಕ್ವೇರ್ ಫೂಟಿಗೆ ಎಷ್ಟಂತೆ ಅಂತ ಕೇಳಲು ಶುರು ಮಾಡಿದರು. ದೀಪಾವಳಿಗೆ ಒಂದು ರೇಟು, ಯುಗಾದಿಗೆ ಇನ್ನೊಂದು. ಸದಾನಂದಣ್ಣನಿಗೆ ಆ ಹೊತ್ತಿಗೆ ಹೋಟೆಲಿನಲ್ಲಿ ಸಣ್ಣ ಪಾಲು ಸಿಕ್ಕಿತ್ತು. ಗಿರಿಜಕ್ಕನ ಬಳೆ ಮಾರಿ ಎರಡನೆಯ ಮಾಳಿಗೆಯಲ್ಲಿ ಫ್ಲ್ಯಾಟು ಬುಕ್ ಮಾಡಿ ಬಂದ. ನಕ್ಷೆಯ ಕಾಗದ ತಂದ, ಯಾರಿಗೂ ತಲೆಬುಡ ತಿಳಿಯಲಿಲ್ಲ. ಆಗ ಗಿರಿಜಕ್ಕ ರಂಗೋಲಿ ಪುಡಿ ತೆಗೆದುಕೊಂಡು ಅಂಗಳಕ್ಕೆ ಇಳಿದಳು. ಸದಾನಂದಣ್ಣ ಹೆಜ್ಜೆ ಹಾಕಿ ಅಳತೆ ಹೇಳಿದ, ಅವಳು ಗೆರೆ ಎಳೆದಳು. ಇದು ಹಾಲು, ಇದು ಅಡಿಗೆಮನೆ, ಇದು ಬೆಡ್‌ರೂಮು, ಇದು ಗ್ಯಾಲರಿ. ಇದ್ದಷ್ಟೇ ಅಳತೆಯ ಮನೆ ನಮ್ಮ ಅಂಗಳದಲ್ಲಿ ಮಲಗಿತ್ತು. ಚಾಳಿನವರೆಲ್ಲ ಬಂದು ನೋಡಿದರು. ಒಂದು ನಾಯಿ ಅಡಿಗೆಮನೆಯಲ್ಲಿ ಮಲಗಿತು, ಗಿರಿಜಕ್ಕ ಅದನ್ನು ನಿಜವಾಗಿ ಮನೆಯಿಂದ ಓಡಿಸುವ ಹಾಗೆ ಓಡಿಸಿದಳು. ವನಜ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು.

“ಚಪ್ಪಲ್ ನಿಕಾಲ್ ಕೆ ಬಾ, ನೀಲಿ. ಇದು ಹಾಲು.”

“ಇದು ಅಂಗಳ,” ಅಂದೆ.

“ಅಂಗಳ ನಿಂದು. ನಮ್ದು ಹಾಲು.”

ನಾನು ಚಪ್ಪಲಿ ಬಿಡಲಿಲ್ಲ, ಬಾಗಿಲಿನಿಂದಲೂ ಹೋಗಲಿಲ್ಲ. ಗೋಡೆ ತುಳಿದು ಒಳಗೆ ಹೋದೆ. ಅವಳು ಅಳುತ್ತ ಅಮ್ಮನನ್ನು ಕರೆದಳು. ನಾನು ಹೋಗಿ ನಿಂತದ್ದು ಮೂಲೆಯ ಸಣ್ಣ ಚೌಕದಲ್ಲಿ. ಅದೇನು ಅಂತ ಕೇಳಿದ್ದಕ್ಕೆ ಗಿರಿಜಕ್ಕ ಸಂಡಾಸು ಅಂದಳು. ಮನೆಯ ಒಳಗೆ, ಬಾಗಿಲು ಹಾಕಿಕೊಂಡು, ಬೇಕಾದಾಗ. ನನಗೆ ಆಗ ಹನ್ನೊಂದೋ ಹನ್ನೆರಡೋ. ಬೆಳಿಗ್ಗೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಾಗ ಉಳಿದ ಮನೆಯ ಗಂಡಸರು ನೋಡುತ್ತಾರೆ ಅಂತ ಹೊಟ್ಟೆ ಹಿಡಿದುಕೊಂಡು ತಿರುಗುವ ವಯಸ್ಸು. ಹಾಲು ಬೇಡ, ಗ್ಯಾಲರಿ ಬೇಡ, ಆ ಚೌಕ ಒಂದು ನನ್ನದಾಗಿದ್ದರೆ ಅನ್ನಿಸಿತು. ಮರುದಿನ ಅಂಗಳ ಗುಡಿಸುವ ಪಾಳಿ ನಮ್ಮದು. ಮೊದಲು ವನಜಳ ಬೆಡ್‌ರೂಮು ಗುಡಿಸಿದೆ, ಆಮೇಲೆ ಹಾಲು. ಸಂಡಾಸನ್ನು ಕೊನೆಗೆ ಗುಡಿಸಿದೆ, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ನಮಗೂ ಒಂದು ಆಸೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಹೊಸ ಕಟ್ಟಡದ ಕೆಳಗಿನ ಅಂತಸ್ತಿನ ಹಿಂಬದಿಗೆ ಒಂಟಿ ಕೋಣೆಗಳು ಬರಲಿದ್ದವು. ಹಳೆಯ ಬಾಡಿಗೆದಾರರಿಗೆ ಕಡಿಮೆಗೆ ಕೊಡುತ್ತಾರೆ ಅಂತ ಸುದ್ದಿ. ಯಾರಿಗೆ ಕೊಡಬೇಕು, ಯಾರನ್ನು ಕಟ್ಟಡದ ಸೊಸೈಟಿಗೆ ಸೇರಿಸಬೇಕು ಅನ್ನುವುದೆಲ್ಲ ಮಾಸ್ತರರ ಕೈಯಲ್ಲಿತ್ತು. ಮಾಸ್ತರರು ಅಂದರೆ ಹೊಸ ಮನೆ ಕೊಂಡವರ ಮುಖ್ಯಸ್ಥರು, ಮರಾಠಿಯವರು, ಶಾಲೆಯ ಕೆಲಸದಿಂದ ನಿವೃತ್ತರಾದವರು, ಮೆತ್ತಗೆ ಮಾತಾಡುವವರು. ಅವರದು ಒಂದೇ ಹಟ. ಕಟ್ಟಡದಲ್ಲಿ ಮಾಂಸ, ಮೀನು, ಮೊಟ್ಟೆ ಬೇಯಬಾರದು, ಒಳ್ಳೆಯ ಜನ ಇರಬೇಕು. ನಾವು ಲಿಂಗ ಕಟ್ಟಿದವರು ಅಂತ ಅವ್ವನಿಗೆ ಧೈರ್ಯ. ಸದಾನಂದಣ್ಣನನ್ನು ಯಾರೂ ಕೇಳಲೇ ಇಲ್ಲ. ಉಡುಪಿ ಹೋಟೆಲಿನವನು, ಗಲ್ಲೆಯ ಮೇಲೆ ಕೂರುವಾಗ ಹಣೆಗೆ ಗಂಧ ಇಡುವವನು, ಅಂದಮೇಲೆ ಬ್ರಾಹ್ಮಣನೇ ಅಂತ ಮಾಸ್ತರರು ತಿಳಿದುಕೊಂಡರು. ಮುಂಬೈ ಕಡೆಯವರೆಲ್ಲ ಹಾಗೇ ತಿಳಿಯುತ್ತಿದ್ದರು, ಇಡ್ಲಿ ಮಾಡುವ ಊರಿನಲ್ಲಿ ಎಲ್ಲರೂ ಇಡ್ಲಿಯನ್ನೇ ತಿಂದು ಬದುಕುತ್ತಾರೆ ಅಂತ. ಸದಾನಂದಣ್ಣ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಆದರೂ ಮಾಸ್ತರರು ಪದ್ಧತಿ ಬಿಡುವವರಲ್ಲ. ಪ್ರತಿ ಮನೆಯ ಅಕ್ಕಪಕ್ಕ ವಿಚಾರಿಸಿ ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಅವರು ನಮ್ಮ ಬಾಗಿಲಿಗೆ ಬಂದಾಗ ಅವ್ವ ರೊಟ್ಟಿ ಕೊಡಲು ಹೋಗಿದ್ದಳು. ನಾನೊಬ್ಬಳೇ ಜೋಳ ಕೇರುತ್ತಿದ್ದೆ. ಅವತ್ತೇ ಬೆಳಿಗ್ಗೆ ವನಜ ನನಗೆ ಹೊಸ ಮನೆಯ ಪರದೆಯ ಬಟ್ಟೆಯ ತುಂಡು ತೋರಿಸಿ ಹೋಗಿದ್ದಳು, ಮುಟ್ಟಲು ಕೊಟ್ಟಿರಲಿಲ್ಲ. ಮಾಸ್ತರರು ಮರಾಠಿಯಲ್ಲಿ ನನ್ನ ಹೆಸರು ಕೇಳಿದರು, ಶಾಲೆ ಯಾಕೆ ಬಿಟ್ಟೆ ಅಂತ ಕೇಳಿದರು, ಆಮೇಲೆ ಅರ್ಧ ಗೋಡೆಯನ್ನು ನೋಡಿದರು. ನೀವು ಶುದ್ಧ ಜನ, ಪಕ್ಕದ ಮನೆಯ ವಾಸನೆ ಗೀಸನೆ ಏನಾದರೂ ಬರುತ್ತದೆಯೇ ಮಗು ಅಂದರು. ನಾನು ಯೋಚನೆ ಮಾಡಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ಮೊರ ಕೆಳಗಿಟ್ಟು ಯೋಚನೆ ಮಾಡಿದೆ. ಆಮೇಲೆ ಹೇಳಿದೆ. ಬುಧವಾರ, ಶುಕ್ರವಾರ, ಆದಿತ್ಯವಾರ. ಬಂಗುಡೆ, ಅದು ಸಿಗದಿದ್ದರೆ ಬೂತಾಯಿ. ಬಂಗುಡೆಗೆ ನಡುವೆ ದೊಡ್ಡ ಮುಳ್ಳು, ಬೂತಾಯಿಗೆ ಎಲ್ಲ ಸಣ್ಣ. ಅವರು ಬರೆಯುತ್ತಿದ್ದವರು ಕೈ ನಿಲ್ಲಿಸಿ, ಮುಳ್ಳಿನ ವಿಷಯ ನಿನಗೆ ಹೇಗೆ ಗೊತ್ತು ಅಂದರು. ನೋಡಿದ್ದೇನೆ ಅಂದೆ. ಅವರು ವಹಿ ಮುಚ್ಚಿಕೊಂಡು ಹೋದರು. ನನಗೆ ಬಿಸಿ ಭಜಿ ತಿಂದಷ್ಟು ಹಿತವಾಯಿತು. ಮಧ್ಯಾಹ್ನದ ತನಕ ಆ ಹಿತ ಇತ್ತು. ಆಮೇಲೆ ಗಿರಿಜಕ್ಕ ಗೋಡೆಯ ಮೇಲಿಂದ ಒಂದು ಬಟ್ಟಲು ಪಾಯಸ ಕೊಟ್ಟಳು, ಅವತ್ತು ವನಜಳ ಹುಟ್ಟಿದ ದಿನ. ಪಾಯಸ ತಿಂದೆ. ಗಂಟಲಲ್ಲಿ ಸಿಕ್ಕಿಕೊಳ್ಳಲೂ ಇಲ್ಲ, ಏನೂ ಇಲ್ಲ, ಚೆನ್ನಾಗಿಯೇ ಇತ್ತು.

ಆದಿತ್ಯವಾರ ಸಭೆ. ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಇನ್ನೂ ಗೋಡೆ ಎದ್ದಿರಲಿಲ್ಲ, ಉಸುಕಿನ ಗುಡ್ಡೆಗಳ ಮೇಲೆ ಎಲ್ಲರೂ ಕೂತರು. ಹೊಸ ಮನೆಯವರು ಒಂದು ಕಡೆ ಸತರಂಜಿ ಹಾಸಿಕೊಂಡು, ನಾವು ಚಾಳಿನವರು ಇನ್ನೊಂದು ಕಡೆ. ಮಾಸ್ತರರು ವಹಿ ತೆಗೆದು, ನಾಲ್ಕನೆಯ ಕೋಣೆಯವರು ಮೀನು ತಿನ್ನುತ್ತಾರೆ ಅಂತ ಮೂರನೆಯ ಕೋಣೆಯ ಹುಡುಗಿ ಹೇಳಿದ್ದಾಳೆ, ಹೀಗಿದ್ದರೆ ಅವರ ಬುಕಿಂಗು ರದ್ದಾಗಬೇಕಾಗುತ್ತದೆ, ಅಂದರು. ಸದಾನಂದಣ್ಣ ತನ್ನ ಚಪ್ಪಲಿ ನೋಡಿಕೊಂಡ. ಗಿರಿಜಕ್ಕನ ಬರಿಗೈ ಮಡಿಲಲ್ಲಿತ್ತು, ಬಳೆ ಇದ್ದ ಕಡೆ ಚರ್ಮ ಬೆಳ್ಳಗೆ. ಅವಳು ನನ್ನನ್ನು ನೋಡಿದಳು, ಬಾಗಿಲಲ್ಲಿ ನಿಲ್ಲಿಸಿಕೊಂಡು ಕೈ ಮೂಸಿ ನೋಡುವಾಗ ನೋಡುತ್ತಿದ್ದ ಹಾಗೇ. ಮಗುವಿನ ಮಾತು ಸಾಲದು, ದೊಡ್ಡವರು ಹೇಳಲಿ ಅಂತ ಮಾಸ್ತರರು ಅವ್ವನ ಕಡೆ ತಿರುಗಿದರು. ಅವ್ವ ಎದ್ದಳು. ಮೊಣಕೈ ತನಕ ಜೋಳದ ಹಿಟ್ಟು. ಕುಪ್ಪಸದೊಳಗಿಂದ ಲಿಂಗದ ಕರಡಿಗೆ ಹೊರಗೆ ತೆಗೆದು ಮುಷ್ಟಿಯಲ್ಲಿ ಹಿಡಿದಳು. ಅವಳ ಮರಾಠಿ ತರಕಾರಿ ಕೊಳ್ಳುವಷ್ಟೇ. ಕನ್ನಡದಲ್ಲೇ ಶುರು ಮಾಡಿದಳು.

“ನಮ್ಮ ನಡುವ ಅರ್ಧ ಗ್ವಾಡಿ ಐತ್ರಿ. ಮೂಗು ನನಗೂ ಐತಿ. ಆ ಮನ್ಯಾಗಿಂದ ಸಾಂಬಾರದ ವಾಸನಿ ಬಿಟ್ರ ಬ್ಯಾರೆ ಬಂದಿಲ್ಲ.”

ಮಾಸ್ತರರಿಗೆ ತಿಳಿಯಲಿಲ್ಲ. ನನ್ನ ಕಡೆ ನೋಡಿ, ಆಯಿ ಏನು ಹೇಳುತ್ತಾಳೆ, ಮರಾಠಿಯಲ್ಲಿ ಹೇಳು ಅಂದರು. ಚಾಳಿನಲ್ಲಿ ಯಾವ ತಾಯಿಯ ಮಾತನ್ನಾದರೂ ಮಕ್ಕಳೇ ಮರಾಠಿ ಮಾಡಿ ಹೇಳುತ್ತಿದ್ದದ್ದು, ಡಾಕ್ಟರ ಹತ್ತಿರವಿರಲಿ ರೇಷನ್ನಿನ ಅಂಗಡಿಯಲ್ಲಿರಲಿ. ನಾನು ಎದ್ದು ಹೇಳಿದೆ. ಅವ್ವ ನನ್ನ ಕಡೆ ನೋಡದೆ ಮುಂದುವರಿಸಿದಳು.

“ನನ್ನ ಮಗಳಿಗೆ ಹೊಟ್ಟಿಕಿಚ್ಚು. ಅವರಿಗೆ ಮನಿ ಆಗತೈತಿ, ತನಗಿಲ್ಲ ಅಂತ ಸುಳ್ಳ ಹೇಳ್ಯಾಳ. ಅದನ್ನೂ ಹೇಳು ಅವರಿಗೆ.”

ನಾನು ಮತ್ತೆ ಕೂರಲು ಹೋದೆ.

“ಹೇಳವ್ವ. ಅಕ್ಷರ ಬರತಾವಲ್ಲ ನಿನಗ.”

ಅವಳ ಮುಷ್ಟಿ ಲಿಂಗದ ಮೇಲೆ ಬಿಗಿಯಾಗಿತ್ತು. ಬೇರೆ ಏನಾದರೂ ಹೇಳಿಬಿಡಬಹುದಿತ್ತು, ಆದರೆ ಸುತ್ತ ಚಾಳಿನ ಕನ್ನಡದವರೆಲ್ಲ ಕೂತಿದ್ದರು. ಆಯಿ ಹೇಳುತ್ತಾಳೆ, ನನಗೆ ಹೊಟ್ಟೆಕಿಚ್ಚು, ನಾನು ಸುಳ್ಳು ಹೇಳಿದೆ, ಅಂದೆ. ಸತರಂಜಿಯ ಮೇಲಿನವರು ನಕ್ಕರು. ವನಜ ನಗಲಿಲ್ಲ, ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಅವ್ವ ಅವತ್ತು ಹೇಳಿದ್ದರಲ್ಲಿ ನಿಜ ಇದ್ದದ್ದು ನನ್ನ ಹೊಟ್ಟೆಕಿಚ್ಚು ಒಂದೇ. ಲಿಂಗ ಹಿಡಿದು ಹೇಳಿದ ಮಾತಿಗೆ ಮೇಲೆ ಮಾತಿಲ್ಲ ಅಂತ ಮಾಸ್ತರರು ವಹಿಯಲ್ಲಿ ಗೆರೆ ಹೊಡೆದರು. ಆಮೇಲೆ ಅಪ್ಪ ಎದ್ದು ನಮ್ಮ ಒಂಟಿ ಕೋಣೆಯ ವಿಷಯ ಕೇಳಿದ. ಆ ಹೊತ್ತಿಗೆ ಫ್ಯಾಕ್ಟರಿ ಮತ್ತೆ ತೆರೆದಿತ್ತು, ಆ ವಾರ ಹಸಿರು ಬಣ್ಣ. ಎರಡೂ ಕೈ ಹಿಂದೆ ಕಟ್ಟಿಕೊಂಡು ಕೇಳಿದ. ನಿಮ್ಮದು ಶುದ್ಧ ಆಹಾರ, ಅದರಲ್ಲಿ ಮಾತೇ ಇಲ್ಲ, ಅಂದರು ಮಾಸ್ತರರು. ಆದರೆ ಬೆಳಗಿನ ಆ ಬಡಿಯುವ ಸಪ್ಪಳ, ಕೂಲಿಯವರು ಬುಟ್ಟಿ ಹಿಡಿದು ಬಾಗಿಲಿಗೆ ಬರುವುದು, ಮೆಟ್ಟಿಲ ಗೋಡೆಗೆ ಹೊಸ ಸುಣ್ಣ ಬಳಿಯುವುದಿದೆ ಬೇರೆ. ನೋಡೋಣ ಅಂದರು. ನೋಡೋಣ ಅಂದರೆ ಏನು ಅಂತ ಅಪ್ಪನಿಗೆ ನಾನು ಕನ್ನಡ ಮಾಡಿ ಹೇಳಬೇಕಾಗಲಿಲ್ಲ. ಅವರದು ತಪ್ಪು ತಿನ್ನುವ ಬಾಯಿ, ಸರಿಯಾದ ದುಡ್ಡು. ನಮ್ಮದು ಸರಿಯಾದ ಬಾಯಿ, ತಪ್ಪು ಕೈ. ಗೆದ್ದದ್ದು ಯಾವುದು ಅಂತ ಗೊತ್ತೇ ಇದೆಯಲ್ಲ.

ಮನೆಗೆ ಬಂದ ಮೇಲೆ ಹೊಡೆಯುತ್ತಾಳೆ ಅಂತ ಮೂಲೆಯಲ್ಲಿ ಕೂತೆ. ಅವ್ವ ಒಲೆಗೆ ಇದ್ದಲು ಹಾಕಿದಳು, ಹಂಚು ಇಟ್ಟಳು. ಲಿಂಗ ಹಿಡಿದು ಯಾಕೆ ಸುಳ್ಳು ಹೇಳಿದೆ ಅಂತ ನಾನೇ ಕೇಳಿದೆ, ಅಷ್ಟು ಉರಿ ಇತ್ತು ನನಗೆ.

“ನೀ ಮೀನ ತಿಂದದ್ದು ನನಗ ಮೊದಲನೇ ದಿನಾನ ಗೊತ್ತ,” ಅಂದಳು. ಹಿಟ್ಟು ನಾದುವುದನ್ನು ಬಿಡಲಿಲ್ಲ. “ನಿಮ್ಮಪ್ಪಗ ಕೆಲಸ ಇಲ್ಲದಾಗ ಮಾರೋ ರೊಟ್ಟಿ ಬಿಟ್ಟು ಮನ್ಯಾಗ ಎಷ್ಟ ರೊಟ್ಟಿ ಉಳೀತಿದ್ದವು, ಎಣಸೀಯೇನು? ನೀ ಆ ಕಡೆ ನೆಕ್ಕೋದು ಈ ಕಡೆ ಕೇಳತಿತ್ತು.”

“ಅಪ್ಪಗ?”

“ಅವ್ಗ ಕೇಳಬಾರದು, ವಾಸನಿ ಬಡೀಬಾರದು ಅಂತನ ಮೆಣಸಿನಕಾಯಿ ಸುಡತಿದ್ನಿ. ಕೆಮ್ಮಿಕೋತ ಹೊರಗ ಹೋಗಲಿ ಅಂತ. ನಿನ್ನ ಮ್ಯಾಲ ಯಾರ ಕಣ್ಣ ಬೀಳತೈತೆ, ಹುಚ್ಚಿ.”

ಹೊಡೆದಿದ್ದರೆ ಅದು ಎರಡು ದಿನದಲ್ಲಿ ಮರೆತುಹೋಗುತ್ತಿತ್ತು. ಎರಡು ವರ್ಷ ನನ್ನ ಮೇಲೆ ಊರಿನ ಕಣ್ಣೆಲ್ಲ ಬಿದ್ದಿದೆ ಅಂತ ತಲೆ ಎತ್ತಿ ತಿರುಗಿದ್ದೆ. ಒಂದು ಕಣ್ಣೂ ಬಿದ್ದಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಚಾಳು ಕೆಡವಿದರು. ನಮ್ಮ ಅರ್ಧ ಗೋಡೆ ಬೀಳಲು ಒಂದು ಏಟು ಸಾಕಾಯಿತು. ಮಾಲಕರು ಕೊಟ್ಟಷ್ಟು ತೆಗೆದುಕೊಂಡು ಫ್ಯಾಕ್ಟರಿಗಳ ಕಡೆ, ಬಣ್ಣದ ನೀರು ಹರಿಯುವ ನಾಲೆಯ ಪಕ್ಕ, ತಗಡಿನ ಮಾಡಿನ ಒಂದು ಕೋಣೆಗೆ ಹೋದೆವು. ಅಲ್ಲಿ ಸಂಡಾಸೇ ಇರಲಿಲ್ಲ, ನಾಲೆಯ ದಂಡೆ ಇತ್ತು. ಗಿರಿಜಕ್ಕನವರು ಎರಡನೆಯ ಮಾಳಿಗೆಗೆ ಹೋದರು. ಎದುರು ಬಾಗಿಲೇ ಮಾಸ್ತರರದು, ಅವರ ಹೆಂಡತಿಯ ಮೂಗು ಮಾಸ್ತರರ ವಹಿಗಿಂತ ಚುರುಕು. ಹೊಸ ಮನೆಯಲ್ಲಿ ಒಂದು ದಿನವೂ ಮೀನು ಬೇಯಲಿಲ್ಲ. ಮೂರು ತಿಂಗಳು ತಡೆದಳು ಗಿರಿಜಕ್ಕ. ಆಮೇಲೆ ಒಂದು ಆದಿತ್ಯವಾರ ನಡೆದುಕೊಂಡು ನಮ್ಮ ತಗಡಿನ ಮನೆಗೆ ಬಂದಳು, ಹಿಂದೆ ವನಜ. ಕೈಚೀಲದ ಮೇಲೆಲ್ಲ ಕೊತ್ತಂಬರಿ, ಕೆಳಗೆ ಕಾಗದದಲ್ಲಿ ಸುತ್ತಿದ ಬಂಗುಡೆ. ಹೊಸಿಲ ಆಚೆ ನಿಂತು ಅವ್ವನನ್ನು ಕೇಳಿದಳು.

“ಹೊರಗೆ ಒಂದು ಒಲೆ ಹಾಕಿಕೊಳ್ಳಲಾ ಮಾರಾಯ್ತಿ? ನಾಲಗೆ ಸತ್ತುಹೋಗಿದೆ.”

“ಹಿತ್ತಲದಾಗ ಹಾಕ್ಕೋ. ನನ್ನ ಪಾತ್ರಿ ಮುಟ್ಟಬ್ಯಾಡ,” ಅಂದಳು ಅವ್ವ.

ಅವತ್ತಿನಿಂದ ಅದು ರೂಢಿಯಾಯಿತು. ಅವರು ಹಿತ್ತಲಿನಲ್ಲಿ ಮೀನು ಬೇಯಿಸುವುದು, ಅವ್ವ ಅವರಿಗೆ ಬೆನ್ನು ಹಾಕಿ ಕೂತು ರೊಟ್ಟಿ ಬಡಿದು ಹಿಂದಕ್ಕೆ ಎಸೆಯುವುದು, ಅಪ್ಪ ಹೇಳದೆ ಕೇಳದೆ ಪೇಟೆಗೆ ಹೋಗಿಬಿಡುವುದು. ನಾನೂ ಅವರ ಜೊತೆ ಕೂತು ತಿನ್ನುತ್ತಿದ್ದೆ. ಈಗ ಮುಚ್ಚುಮರೆ ಏನು. ನಾನು ಹೇಳಿದ ಮಾತನ್ನು ಗಿರಿಜಕ್ಕ ಒಮ್ಮೆಯೂ ಎತ್ತಲಿಲ್ಲ. ಹಾಗಾದರೂ ನನ್ನ ಹೊಟ್ಟೆಕಿಚ್ಚು ಆರಿತೇ? ಇಲ್ಲ. ಫ್ಲ್ಯಾಟು ಇದ್ದವರು ನಮ್ಮ ಹಿತ್ತಲಿಗೆ ತಿನ್ನಲು ಬರುತ್ತಾರಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು, ಆದರೆ ತಿಂದಾದ ಮೇಲೆ ಅವರು ಎದ್ದು ಹೋಗುತ್ತಿದ್ದದ್ದು ಅಲ್ಲಿಗೆ. ನಾನು ವನಜಳಿಂದ ಒಂದೊಂದೇ ಕೇಳಿ ತಿಳಿದುಕೊಳ್ಳುತ್ತಿದ್ದೆ. ಸಂಡಾಸಿನಲ್ಲಿ ದೀಪ ಇದೆಯೇ, ಒಳಗಿನಿಂದ ಚಿಲಕ ಇದೆಯೇ, ಎಷ್ಟು ಹೊತ್ತು ಕೂತರೂ ಯಾರೂ ಬಾಗಿಲು ಬಡಿಯುವುದಿಲ್ಲವೇ. ಅವಳು ಮೀನು ಚೀಪುತ್ತ ಎಲ್ಲಕ್ಕೂ ಹೌದು ಹೌದು ಅನ್ನುತ್ತಿದ್ದಳು. ಈಗ ನನ್ನ ಮನೆಯ ಒಳಗೂ ಸಂಡಾಸಿದೆ, ಮಗ ಬಿಳಿ ಟೈಲ್ಸ್ ಹಾಕಿಸಿದ್ದಾನೆ. ಚಿಲಕ ಹಾಕುವಾಗಲೆಲ್ಲ ಇವತ್ತಿಗೂ ಅವಳ ನೆನಪಾಗುತ್ತದೆ, ನನಗಿಂತ ಎಷ್ಟು ವರ್ಷ ಮೊದಲು ಹಾಕಿದಳು ಅಂತ.

ಅವಳ ಹತ್ತಿರ ಹೊಸ ಮನೆಯ ಕೀಲಿಕೈ ಇರುತ್ತಿತ್ತು. ಹಿತ್ತಾಳೆಯದು, ಕೆಂಪು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಉಣ್ಣುವಾಗ ತಟ್ಟೆಗೆ ತಾಗುತ್ತದೆ ಅಂತ ತೆಗೆದು ಕಲ್ಲಿನ ಮೇಲೆ ಇಡುತ್ತಿದ್ದಳು. ಒಂದು ಆದಿತ್ಯವಾರ ಅವಳೂ ಗಿರಿಜಕ್ಕನೂ ಪಾತ್ರೆ ತೊಳೆಯಲು ರಸ್ತೆಯ ನಲ್ಲಿಗೆ ಹೋಗಿದ್ದರು, ಕೀಲಿಕೈ ಕಲ್ಲಿನ ಮೇಲೇ ಇತ್ತು. ನನ್ನ ಕೈ ಇನ್ನೂ ಎಂಜಲು. ತಟ್ಟೆಯ ತಳದ ಬಂಗುಡೆಯ ಎಣ್ಣೆಯಲ್ಲಿ ಬೆರಳು ಅದ್ದಿ ಕೀಲಿಕೈಗೆ ಸವರಿದೆ. ಹಲ್ಲಿನ ಸಂದಿಗೆ, ತೂತಿಗೆ, ಕೆಂಪು ದಾರಕ್ಕೆ, ಅವಸರ ಮಾಡದೆ, ಹಬ್ಬದ ದಿನ ತಲೆಗೆ ಎಣ್ಣೆ ಹಚ್ಚುವ ಹಾಗೆ. ಅವ್ವ ಯಾಕೋ ಹಿಂದಿರುಗಿ ನೋಡಿದಳು. ನೋಡಿ, ಮತ್ತೆ ರೊಟ್ಟಿಯ ಕಡೆ ತಿರುಗಿದಳು. ಅವರು ಬಂದರು. ಗಿರಿಜಕ್ಕ ಯಾವಾಗಿನ ಹಾಗೆ ವನಜಳ ಕೈಗೆ ಹುಣಸೆಹಣ್ಣು ಹಚ್ಚಿ ತೊಳೆದು ಮೂಸಿದಳು, ತನ್ನ ಕೈ ಮೂಸಿಕೊಂಡಳು, ರೂಢಿಯ ಮೇಲೆ ನನ್ನ ಕೈಯನ್ನೂ ತೊಳೆದು ಮೂಸಿ, ಹೋಗು ಮಗಾ ಅಂದಳು. ವನಜ ಕೀಲಿಕೈ ಎತ್ತಿ ಕೊರಳಿಗೆ ಹಾಕಿಕೊಂಡು, ಅಮ್ಮನ ಹಿಂದೆ ಎರಡನೆಯ ಮಾಳಿಗೆಗೆ, ಮಾಸ್ತರರ ಹೆಂಡತಿಯ ಎದುರು ಬಾಗಿಲಿಗೆ, ನಡೆದಳು. ಕೀಲಿಕೈಯನ್ನು ಯಾರೂ ಮೂಸಲಿಲ್ಲ.